ಕುಲುಕಿದಾಗ ನೊರೆ ಬಂದರೆ ಹಾಲಿನಲ್ಲಿ ಡಿಟರ್ಜೆಂಟ್ ಇದೆಯೇ? ಸೋಪಿನ ಅಣುಗಳ ಕಂಪನ ಹೇಳುವ ಸತ್ಯ

"ಒಂದು ಬಾಟಲಿಗೆ ಹಾಲು ಹಾಕಿ, ಅಷ್ಟೇ ನೀರು ಸೇರಿಸಿ, ಜೋರಾಗಿ ಕುಲುಕಿ. ನೊರೆ ಬಂದರೆ ನಿಮ್ಮ ಹಾಲಿನಲ್ಲಿ ಡಿಟರ್ಜೆಂಟ್ ಇದೆ. ಮಕ್ಕಳ ಜೀವದ ಪ್ರಶ್ನೆ, ಎಲ್ಲರಿಗೂ ಕಳಿಸಿ."

ಇಂಥ ಒಂದು ವಿಡಿಯೊ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ನಮ್ಮ ಗ್ರೂಪಿಗೆ ಬಂದ ದಿನವೇ ದೊಡ್ಡಮ್ಮ ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿದರು. ನೊರೆ ಬಂತು. ವರ್ಷಗಟ್ಟಲೆ ಮನೆ ಬಾಗಿಲಿಗೆ ಹಾಲು ತಂದುಕೊಡುತ್ತಿದ್ದವರಿಗೆ ಮರುದಿನ ಬೆಳಿಗ್ಗೆ "ನಾಳೆಯಿಂದ ಬೇಡಪ್ಪ" ಎಂದುಬಿಟ್ಟರು. ಯಾಕೆ ಎಂದು ಅವರು ಕೇಳಿದರೂ ಕಾರಣ ಹೇಳಲಿಲ್ಲ.

ಆ ನೊರೆ ನಿಜಕ್ಕೂ ಏನನ್ನು ಹೇಳುತ್ತಿತ್ತು? ಇದಕ್ಕೆ ಉತ್ತರ ಬೇಕಾದರೆ ಸೋಪು ಮತ್ತು ಡಿಟರ್ಜೆಂಟಿನ ಅಣುಗಳು ನೀರಿನೊಳಗೆ ಏನು ಮಾಡುತ್ತವೆ ಎಂಬುದನ್ನು ತಿಳಿಯಬೇಕು. ಅವುಗಳನ್ನು ಕಣ್ಣಿನಿಂದ ನೋಡಲು ಆಗುವುದಿಲ್ಲ. ಆದರೆ ಅವುಗಳ ಕಂಪನವನ್ನು ಅಳೆಯಬಹುದು. ವಿಜ್ಞಾನಿಗಳು ಅದನ್ನು ಹೇಗೆ ಮಾಡುತ್ತಾರೆ, ಅದರಿಂದ ನಮ್ಮ ಅಡುಗೆಮನೆಗೂ ಬಚ್ಚಲುಮನೆಗೂ ಏನು ಗೊತ್ತಾಗುತ್ತದೆ ಎಂಬುದೇ ಈ ಲೇಖನ.

ಸಂಕ್ಷಿಪ್ತ ಉತ್ತರ

ಈ ಸಂದೇಶ ಅರ್ಧಸತ್ಯ. ಡಿಟರ್ಜೆಂಟ್ ಇದ್ದರೆ ದಟ್ಟ ನೊರೆ ಬರಬಹುದು, ನಿಜ. ಆದರೆ ಶುದ್ಧ ಹಾಲನ್ನು ಕುಲುಕಿದರೂ ನೊರೆ ಬರುತ್ತದೆ. ನೊರೆ ದ್ರವದ ಮೇಲ್ಮೈಯಲ್ಲಿ ಏನಾಗುತ್ತಿದೆ ಎಂದು ಮಾತ್ರ ತೋರಿಸುತ್ತದೆ. ದ್ರವದೊಳಗೆ ಯಾವ ಅಣು ಇದೆ, ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಅದನ್ನು ಹೇಳಲು ಬೇರೆ ಪರೀಕ್ಷೆಗಳು ಬೇಕು.

ನೊರೆ ಬರುವುದು ಯಾಕೆ?

ಬರೀ ನೀರನ್ನು ಕುಲುಕಿ ನೋಡಿ. ಗುಳ್ಳೆಗಳು ಎದ್ದ ಕ್ಷಣದಲ್ಲೇ ಒಡೆಯುತ್ತವೆ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಎಳೆದುಕೊಳ್ಳುವುದರಿಂದ ನೀರಿನ ಮೇಲ್ಮೈ ಆದಷ್ಟು ಚಿಕ್ಕದಾಗಿರಲು ನೋಡುತ್ತದೆ. ಇದನ್ನೇ ಮೇಲ್ಮೈ ಎಳೆತ ಎನ್ನುತ್ತಾರೆ. ಗುಳ್ಳೆ ಉಳಿಯಬೇಕಾದರೆ ಅದರ ತೆಳು ಪೊರೆಯ ಎರಡೂ ಬದಿಗೆ ಬಂದು ನಿಂತು ಅದನ್ನು ಕಾಯುವ ಅಣುಗಳು ಬೇಕು.

ಅಂಥ ಅಣುಗಳು ಡಿಟರ್ಜೆಂಟಿನಲ್ಲಿ ಮಾತ್ರ ಇಲ್ಲ. ಅಂಟುವಾಳಕಾಯಿಯಲ್ಲಿ, ಸೀಗೆಕಾಯಿಯಲ್ಲಿ ಸಪೋನಿನ್ ಎಂಬ ಅಣುಗಳಿವೆ. ಅದಕ್ಕೇ ಅಜ್ಜಿ ಕಾಲದಲ್ಲಿ ಅವುಗಳಿಂದ ತಲೆ ತೊಳೆಯುತ್ತಿದ್ದರು, ರೇಷ್ಮೆ ಸೀರೆ ಒಗೆಯುತ್ತಿದ್ದರು. ಮೊಟ್ಟೆಯ ಬಿಳಿಯನ್ನು ಕಡೆದರೆ ನೊರೆಯಾಗುವುದು ಅದರ ಪ್ರೋಟೀನ್‌ನಿಂದ. ಹಾಲಿನಲ್ಲೂ ಪ್ರೋಟೀನ್ ಇದೆ. ಲೋಟದಿಂದ ಬಟ್ಟಲಿಗೆ ಎತ್ತರದಿಂದ ಸುರಿದಾಗ ಫಿಲ್ಟರ್ ಕಾಫಿಯ ಮೇಲೆ ನೊರೆ ನಿಲ್ಲುವುದು ಮುಖ್ಯವಾಗಿ ಈ ಪ್ರೋಟೀನ್‌ನಿಂದಲೇ. ಹಾಲಿನ ನೊರೆ ಎಂದರೆ ಡಿಟರ್ಜೆಂಟ್ ಎಂದಾದರೆ ಎಲ್ಲ ಹೋಟೆಲಿನ ಕಾಫಿಯನ್ನೂ ಅನುಮಾನಿಸಬೇಕಾಗುತ್ತದೆ!

ಒಂದೇ ಅಣುವಿಗೆ ಎರಡು ಸ್ವಭಾವ

ಮೇಲ್ಮೈಗೆ ಬಂದು ನಿಲ್ಲುವ ಇಂಥ ಅಣುಗಳಿಗೆ ಸರ್ಫ್ಯಾಕ್ಟೆಂಟ್ ಎಂದು ಹೆಸರು. ಸೋಪು, ಶಾಂಪೂ, ಬಟ್ಟೆ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಎಲ್ಲದರಲ್ಲೂ ಕೆಲಸ ಮಾಡುವುದು ಇವೇ.

ಈ ಅಣುವಿಗೆ ಒಂದು ತಲೆ, ಒಂದು ಉದ್ದನೆಯ ಬಾಲ. ತಲೆ ನೀರಿನ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಬಾಲ ಎಣ್ಣೆಯ ಜಾತಿಗೆ ಸೇರಿದ್ದು, ನೀರಿನೊಂದಿಗೆ ಹೊಂದುವುದಿಲ್ಲ. ಉದಾಹರಣೆಗೆ ಸೋಡಿಯಂ ಡೋಡೆಸಿಲ್ ಸಲ್ಫೇಟ್, ಚಿಕ್ಕದಾಗಿ ಎಸ್‌ಡಿಎಸ್. ಶಾಂಪೂ, ಟೂತ್‌ಪೇಸ್ಟ್ ಲೇಬಲ್ಲುಗಳಲ್ಲಿ ಇದನ್ನೇ ಸೋಡಿಯಂ ಲಾರಿಲ್ ಸಲ್ಫೇಟ್ ಅಥವಾ ಎಸ್‌ಎಲ್‌ಎಸ್ ಎಂದು ಬರೆದಿರುತ್ತಾರೆ. ಇದರ ಬಾಲದಲ್ಲಿ 12 ಇಂಗಾಲದ ಪರಮಾಣುಗಳು ಸಾಲಾಗಿ ಕೂತಿರುತ್ತವೆ, ಅವುಗಳಿಗೆ ಹೈಡ್ರೋಜನ್ ಅಂಟಿಕೊಂಡಿರುತ್ತದೆ. ತಲೆಯಲ್ಲಿ ಗಂಧಕ ಮತ್ತು ಆಮ್ಲಜನಕದ ಸಲ್ಫೇಟ್ ಗುಂಪು ಇರುತ್ತದೆ. ಸರ್ಫ್ಯಾಕ್ಟೆಂಟ್‌ಗಳ ಬಗ್ಗೆ ಪ್ರಯೋಗ ಮಾಡುವವರು ಬಹಳ ಹೆಚ್ಚಾಗಿ ಬಳಸುವ ಅಣುಗಳಲ್ಲಿ ಇದೂ ಒಂದು.

ಗಡಿ ದಾಟಿದರೆ ಗುಂಪು ಕಟ್ಟುತ್ತವೆ

ನೀರಿಗೆ ಎಸ್‌ಡಿಎಸ್ ಅನ್ನು ಚೂರುಚೂರೇ ಹಾಕುತ್ತಾ ಹೋಗಿ. ಮೊದಲು ಬಂದ ಅಣುಗಳಲ್ಲಿ ಕೆಲವು ಮೇಲ್ಮೈಗೆ ಹೋಗಿ, ತಲೆಯನ್ನು ನೀರಿನಲ್ಲಿ ಅದ್ದಿ, ಬಾಲವನ್ನು ಗಾಳಿಗೆ ಚಾಚಿ ನಿಲ್ಲುತ್ತವೆ. ಉಳಿದವು ನೀರಿನೊಳಗೆ ಒಂಟಿಯಾಗಿ ಅಲೆಯುತ್ತವೆ. ಮೇಲ್ಮೈ ಎಳೆತ ಕಡಿಮೆಯಾಗುತ್ತಾ ಬರುತ್ತದೆ.

ಒಂದು ಹಂತದಲ್ಲಿ ಆಟ ಬದಲಾಗುತ್ತದೆ. ಮೇಲ್ಮೈಯಲ್ಲಿ ಜಾಗ ಮುಗಿದಿರುತ್ತದೆ. ಆಮೇಲೆ ಹಾಕಿದ ಅಣುಗಳು ನೀರಿನೊಳಗೇ ಗುಂಪು ಕಟ್ಟುತ್ತವೆ. ಬಾಲಗಳೆಲ್ಲ ಒಳಗೆ, ತಲೆಗಳೆಲ್ಲ ಹೊರಗೆ. ಹೀಗೆ ಕಟ್ಟಿದ ಸಣ್ಣ ಉಂಡೆಯ ಹೆಸರು ಮೈಸೆಲ್. ಅದು ಕಟ್ಟಲು ಶುರುವಾಗುವ ಪ್ರಮಾಣಕ್ಕೆ ವಿಜ್ಞಾನಿಗಳು ಸಿಎಂಸಿ ಎನ್ನುತ್ತಾರೆ. ನಾವಿಲ್ಲಿ ಮೈಸೆಲ್ ಗಡಿ ಎನ್ನೋಣ.

ಎಸ್‌ಡಿಎಸ್‌ನ ಮೈಸೆಲ್ ಗಡಿ ಕೋಣೆಯ ಉಷ್ಣತೆಯ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 2.3 ಗ್ರಾಂ. ಒಂದು ಮೈಸೆಲ್‌ನಲ್ಲಿ ಸುಮಾರು 60 ಅಣುಗಳಿರುತ್ತವೆ. ಅದರ ಅಡ್ಡಳತೆ ಸುಮಾರು 4 ನ್ಯಾನೊಮೀಟರ್. ಒಂದು ಮಿಲಿಮೀಟರ್ ಉದ್ದಕ್ಕೆ ಇವನ್ನು ಸಾಲಾಗಿ ಜೋಡಿಸಿದರೆ ಎರಡೂವರೆ ಲಕ್ಷ ಹಿಡಿಸುತ್ತವೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇವು ಕಾಣುವ ಮಾತೇ ಇಲ್ಲ.

ಬಾಲಗಳು ಯಾಕೆ ಹೀಗೆ ಬಚ್ಚಿಟ್ಟುಕೊಳ್ಳುತ್ತವೆ? ಬಾಲಕ್ಕೆ ನೀರಿನ ಮೇಲೆ ದ್ವೇಷವೇನೂ ಇಲ್ಲ. ನೀರಿನ ಅಣುಗಳು ತಮ್ಮತಮ್ಮಲ್ಲೇ ಕೈ ಹಿಡಿದುಕೊಂಡಿರುತ್ತವೆ. ಮಧ್ಯೆ ಒಂದು ಎಣ್ಣೆಬಾಲ ನುಗ್ಗಿದರೆ ಅದರ ಸುತ್ತ ಅವು ಕಟ್ಟುನಿಟ್ಟಾಗಿ ಜೋಡಣೆಗೊಳ್ಳಬೇಕಾಗುತ್ತದೆ. ಬಾಲಗಳು ಒಟ್ಟಿಗೆ ಸೇರಿದರೆ ನೀರಿಗೆ ಆ ಕಟ್ಟು ತಪ್ಪುತ್ತದೆ. ಎಣ್ಣೆಯ ಹನಿಗಳು ಸಾರಿನ ಮೇಲೆ ಒಂದಕ್ಕೊಂದು ಸೇರಿಕೊಳ್ಳುವುದರ ಹಿಂದೆಯೂ ಇದೇ ಕಾರಣವಿದೆ.

ಪಾತ್ರೆಯ ಜಿಡ್ಡು ಹೋಗುವುದರಲ್ಲಿ ಮೈಸೆಲ್‌ಗೂ ಪಾಲಿದೆ. ಅದರ ಒಳಭಾಗ ಎಣ್ಣೆಯಂತಿರುವುದರಿಂದ ಜಿಡ್ಡು ಅಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಹೊರಭಾಗ ನೀರಿಗೆ ಒಗ್ಗುವುದರಿಂದ ಇಡೀ ಉಂಡೆ ನೀರಿನೊಂದಿಗೆ ಹರಿದು ಹೋಗುತ್ತದೆ.

ಮೊದಲು ಹೇಳಿದಾಗ ಬಹಳ ಮಂದಿ ಒಪ್ಪಲಿಲ್ಲ

ಸೋಪಿನ ಅಣುಗಳು ನೀರಿನಲ್ಲಿ ಗುಂಪು ಕಟ್ಟುತ್ತವೆ ಎಂಬ ವಿಚಾರವನ್ನು 1913ರಲ್ಲಿ ಮುಂದಿಟ್ಟವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಜೇಮ್ಸ್ ವಿಲಿಯಂ ಮೆಕ್‌ಬೇನ್. ಸೋಪಿನ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುತ್ತಿತ್ತು. ಆದರೆ ಅದರ ಬೇರೆ ಕೆಲವು ಗುಣಗಳನ್ನು ಅಳೆದರೆ, ಹಾಕಿದಷ್ಟು ಕಣಗಳು ನೀರಿನಲ್ಲಿ ಇಲ್ಲವೇನೋ ಎಂಬಂತೆ ಕಾಣುತ್ತಿತ್ತು. ಅಣುಗಳು ಬಿಡಿಬಿಡಿಯಾಗಿರದೆ ಒಟ್ಟುಗೂಡಿವೆ ಎಂದರೆ ಮಾತ್ರ ಎರಡೂ ಹೊಂದುತ್ತಿದ್ದವು. ಅಂದಿನ ಅನೇಕ ವಿಜ್ಞಾನಿಗಳಿಗೆ ಇದು ನಂಬಲಾಗದ ಮಾತಾಗಿತ್ತು. 1936ರಲ್ಲಿ ಜಿ. ಎಸ್. ಹಾರ್ಟ್ಲಿ ಎಂಬ ವಿಜ್ಞಾನಿ, ದ್ರವದಂಥ ಒಳಭಾಗವಿರುವ ಗುಂಡಗಿನ ಮೈಸೆಲ್‌ನ ಚಿತ್ರಣವನ್ನು ಕೊಟ್ಟರು. ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣುವುದು ಹೆಚ್ಚುಕಡಿಮೆ ಅದೇ ಚಿತ್ರ.

ಮೆಕ್‌ಬೇನ್ ಅವರಿಗೂ ನಮ್ಮ ದೇಶಕ್ಕೂ ನಂಟಿದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರು ಅವರೇ.

ಕಾಣದ ಅಣುವಿನ ಕಂಪನವನ್ನು ಅಳೆಯುವುದು ಹೇಗೆ?

ಅಣುವಿನೊಳಗಿನ ಪರಮಾಣುಗಳು ಸುಮ್ಮನೆ ಕೂತಿರುವುದಿಲ್ಲ. ಸ್ಪ್ರಿಂಗ್ ಕಟ್ಟಿದ ಗುಂಡುಗಳಂತೆ ಸದಾ ಅದುರುತ್ತಿರುತ್ತವೆ. ಇಂಗಾಲ ಮತ್ತು ಹೈಡ್ರೋಜನ್ ನಡುವಿನ ಬಂಧ ಸೆಕೆಂಡಿಗೆ ಸುಮಾರು 87 ಲಕ್ಷ ಕೋಟಿ ಸಲ ಹಿಗ್ಗಿ ಕುಗ್ಗುತ್ತದೆ. ಇಷ್ಟು ದೊಡ್ಡ ಸಂಖ್ಯೆ ಬರೆಯುವುದು ಕಷ್ಟವೆಂದು ವಿಜ್ಞಾನಿಗಳು ತರಂಗ ಸಂಖ್ಯೆ ಎಂಬ ಅಳತೆ ಬಳಸುತ್ತಾರೆ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಎಂಬ ಲೆಕ್ಕ ಅದು. ಈ ಬಂಧಕ್ಕೆ ಅದು ಸುಮಾರು 2900.

ಬೇರೆ ಬೇರೆ ಬಂಧಗಳಿಗೆ ಬೇರೆ ಬೇರೆ ಸಂಖ್ಯೆ. ಸಲ್ಫೇಟ್ ತಲೆಯದ್ದು 1200ರ ಮೇಲೊಂದು, 1060ರ ಹತ್ತಿರ ಇನ್ನೊಂದು. ನೀರಿನದ್ದು 1640ರ ಹತ್ತಿರ ಒಂದು, 3300ರ ಸುತ್ತ ಅಗಲವಾದ ಇನ್ನೊಂದು. ಹೀಗಾಗಿ ಕಂಪನಗಳ ಈ ಪಟ್ಟಿ ಅಣುವಿನ ಬೆರಳಚ್ಚಿನಂತೆ ಕೆಲಸ ಮಾಡುತ್ತದೆ. ಇದನ್ನು ಓದುವ ವಿದ್ಯೆಯೇ ಕಂಪನ ಸ್ಪೆಕ್ಟ್ರೋಸ್ಕೋಪಿ. ಓದಲು ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಇನ್ಫ್ರಾರೆಡ್, ಅಂದರೆ ಅವಕೆಂಪು ಕಿರಣ. ಕಣ್ಣಿಗೆ ಕಾಣದ ಈ ಬೆಳಕನ್ನು ಮಾದರಿಯ ಮೇಲೆ ಬಿಟ್ಟರೆ, ತಮ್ಮ ಕಂಪನಕ್ಕೆ ಸರಿಹೊಂದುವ ಅಲೆಗಳನ್ನು ಬಂಧಗಳು ಹೀರಿಕೊಳ್ಳುತ್ತವೆ. ಯಾವ ಅಲೆ ಕಡಿಮೆಯಾಯಿತು ಎಂದು ನೋಡಿದರೆ ಯಾವ ಬಂಧ ಇದೆ ಎಂದು ಗೊತ್ತಾಗುತ್ತದೆ. ಇಂದು ಇದಕ್ಕೆ ಬಳಸುವ ಯಂತ್ರದ ಹೆಸರು ಎಫ್‌ಟಿಐಆರ್.

ಎರಡನೆಯದು ರಾಮನ್ ವಿಧಾನ. ಒಂದೇ ಬಣ್ಣದ ಬೆಳಕನ್ನು ದ್ರವದ ಮೇಲೆ ಬಿಟ್ಟಾಗ ಚದುರುವ ಬೆಳಕಿನ ಬಹುಪಾಲು ಅದೇ ಬಣ್ಣದ್ದಾಗಿರುತ್ತದೆ. ತೀರಾ ಸ್ವಲ್ಪ ಭಾಗ ಮಾತ್ರ ಬಣ್ಣ ಬದಲಿಸಿಕೊಳ್ಳುತ್ತದೆ. ಎಷ್ಟು ಬದಲಾಯಿತು ಎಂಬುದು ಅಣುವಿನ ಕಂಪನವನ್ನು ತಿಳಿಸುತ್ತದೆ. ಸರ್ ಸಿ. ವಿ. ರಾಮನ್ ಅವರು ಕೆ. ಎಸ್. ಕೃಷ್ಣನ್ ಅವರೊಂದಿಗೆ ಕೋಲ್ಕತ್ತದಲ್ಲಿ ಇದನ್ನು ಕಂಡುಕೊಂಡದ್ದು 1928ರಲ್ಲಿ. ಅದರ ನೆನಪಿಗೇ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತೇವೆ. 1930ರಲ್ಲಿ ಅವರಿಗೆ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಅವರು ಕೊನೆಯವರೆಗೂ ಇದೇ ಊರಿನಲ್ಲಿ ನೆಲೆಸಿದರು.

ಎಸ್‌ಡಿಎಸ್ ಪ್ರಯೋಗ: ಅಣು ಮನೆ ಬದಲಿಸಿದ್ದು ಗೊತ್ತಾಗುತ್ತದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ತಂಬೂರಿಯ ತಂತಿಯನ್ನು ಚೂರು ಬಿಗಿ ಮಾಡಿದರೆ ಶ್ರುತಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ತಂತಿ ಅದೇ, ಸನ್ನಿವೇಶ ಬೇರೆ. ಅಣುವಿನ ಬಾಲದ ಕಂಪನವೂ ಹಾಗೆಯೇ. ಸುತ್ತಲೂ ನೀರಿದ್ದಾಗ ಇಂಗಾಲ-ಹೈಡ್ರೋಜನ್ ಬಂಧದ ಶ್ರುತಿ ಸ್ವಲ್ಪ ಮೇಲಿರುತ್ತದೆ. ಅದೇ ಬಾಲ ಮೈಸೆಲ್‌ನ ಒಳಗೆ ಹೋಗಿ ಸುತ್ತಲೂ ಬರೀ ಬಾಲಗಳೇ ಇದ್ದಾಗ ಶ್ರುತಿ ಕೆಳಗಿಳಿಯುತ್ತದೆ. ವ್ಯತ್ಯಾಸ ತರಂಗ ಸಂಖ್ಯೆಯಲ್ಲಿ ಕೆಲವೇ ಅಂಕಿಗಳು. ಆದರೂ ಒಳ್ಳೆಯ ಯಂತ್ರ ಅದನ್ನು ಹಿಡಿಯುತ್ತದೆ.

ಪ್ರಯೋಗಾಲಯದಲ್ಲಿ ಹೀಗೆ ಮಾಡುತ್ತಾರೆ. ಕಡಿಮೆಯಿಂದ ಹೆಚ್ಚಿನವರೆಗೆ ಬೇರೆ ಬೇರೆ ಪ್ರಮಾಣದ ಎಸ್‌ಡಿಎಸ್ ದ್ರಾವಣಗಳನ್ನು ತಯಾರಿಸುತ್ತಾರೆ. ಪ್ರತಿಯೊಂದರ ಕಂಪನದ ಪಟ್ಟಿಯನ್ನು ತೆಗೆಯುತ್ತಾರೆ. ಅದರಿಂದ ಬರೀ ನೀರಿನ ಪಟ್ಟಿಯನ್ನು ಕಳೆಯುತ್ತಾರೆ. ಉಳಿದದ್ದರಲ್ಲಿ 2920ರಿಂದ 2930ರ ನಡುವೆ ಬರುವ ಶಿಖರ ನಿಖರವಾಗಿ ಎಲ್ಲಿದೆ ಎಂದು ಗುರುತಿಸಿ, ಎಸ್‌ಡಿಎಸ್ ಪ್ರಮಾಣಕ್ಕೆ ಎದುರಾಗಿ ಗ್ರಾಫ್ ಹಾಕುತ್ತಾರೆ.

ಗ್ರಾಫ್ ಹೇಗಿರುತ್ತದೆ? ಲೆಕ್ಕ ಸುಲಭವಾಗಲಿ ಎಂದು ಒಂಟಿ ಅಣುವಿನ ಶಿಖರ 2928ರಲ್ಲಿ, ಮೈಸೆಲ್‌ನೊಳಗಿನದ್ದು 2924ರಲ್ಲಿ ಎಂದು ಇಟ್ಟುಕೊಳ್ಳೋಣ. ಗಡಿ ದಾಟಿದ ಮೇಲೆ ಒಂಟಿ ಅಣುಗಳ ಪ್ರಮಾಣ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಹೊಸದಾಗಿ ಹಾಕಿದ್ದೆಲ್ಲ ಮೈಸೆಲ್ ಸೇರುತ್ತದೆ ಎಂಬುದನ್ನು ನೆನಪಿಡಿ.

• ಲೀಟರಿಗೆ 1 ಗ್ರಾಂ ಹಾಕಿದಾಗ: ಎಲ್ಲವೂ ಒಂಟಿ ಅಣುಗಳೇ. ಶಿಖರ 2928ರಲ್ಲಿ.
• 2 ಗ್ರಾಂ ಹಾಕಿದಾಗ: ಇನ್ನೂ ಗಡಿ ದಾಟಿಲ್ಲ. ಶಿಖರ 2928ರಲ್ಲೇ.
• 4.6 ಗ್ರಾಂ ಹಾಕಿದಾಗ: 2.3 ಗ್ರಾಂ ಒಂಟಿ, 2.3 ಗ್ರಾಂ ಮೈಸೆಲ್. ಅರ್ಧ ಅರ್ಧ. ಶಿಖರ 2926ರ ಹತ್ತಿರ.
• 23 ಗ್ರಾಂ ಹಾಕಿದಾಗ: ಹತ್ತರಲ್ಲಿ ಒಂಬತ್ತು ಪಾಲು ಮೈಸೆಲ್. ಶಿಖರ 2924ಕ್ಕೆ ಬಹಳ ಸಮೀಪ.

ಅಂದರೆ ಗೆರೆ ಮೊದಲು ಮಟ್ಟಸವಾಗಿ ಸಾಗಿ, 2.3 ಗ್ರಾಂ ಬಳಿ ಬಾಗಿ ಕೆಳಗಿಳಿಯುತ್ತದೆ. ಆ ಬಾಗುವ ಜಾಗವೇ ಮೈಸೆಲ್ ಗಡಿ. ಹೊರಗಿನಿಂದ ನೋಡಿದರೆ ಬಾಟಲಿಗಳೆಲ್ಲ ಒಂದೇ ತರಹ ತಿಳಿಯಾಗಿರುತ್ತವೆ. ಕುಲುಕಿದರೆ ಗಡಿಯ ಕೆಳಗಿನದ್ದೂ ನೊರೆ ಕೊಡುತ್ತದೆ, ಮೇಲಿನದ್ದೂ ಕೊಡುತ್ತದೆ. ನೊರೆ ಕೊಡದ ಸುಳಿವನ್ನು ಕಂಪನ ಕೊಡುತ್ತದೆ.

ನೀರಿನ ಕಾಟ ತಪ್ಪಿಸುವ ಉಪಾಯಗಳು

ಕೇಳಲು ಸುಲಭ, ಆದರೆ ನಿಜವಾದ ಪ್ರಯೋಗದಲ್ಲಿ ದೊಡ್ಡ ತೊಂದರೆ ಕೊಡುವುದು ನೀರೇ. ಅದು ಅವಕೆಂಪು ಕಿರಣವನ್ನು ವಿಪರೀತ ಹೀರುತ್ತದೆ. ಸ್ವಲ್ಪ ದಪ್ಪ ಪದರವಿದ್ದರೂ ಎಸ್‌ಡಿಎಸ್‌ನ ಸಣ್ಣ ಶಿಖರ ನೀರಿನ ದೊಡ್ಡ ಶಿಖರದ ಮರೆಯಲ್ಲಿ ಮುಚ್ಚಿಹೋಗುತ್ತದೆ.

ಇದಕ್ಕೆ ಒಂದು ಉಪಾಯ ಎಟಿಆರ್ ಎಂಬ ವಿಧಾನ. ವಜ್ರ ಅಥವಾ ಜರ್ಮೇನಿಯಂನಂಥ ಹರಳಿನ ಮೇಲೆ ಒಂದು ಹನಿ ದ್ರಾವಣವನ್ನು ಇಡುತ್ತಾರೆ. ಕಿರಣ ಹರಳಿನೊಳಗೇ ಪ್ರತಿಫಲಿಸುತ್ತದೆ. ಅದರ ಪ್ರಭಾವ ಹನಿಯೊಳಗೆ ಸುಮಾರು ಒಂದೆರಡು ಮೈಕ್ರೊಮೀಟರ್ ಆಳಕ್ಕೆ ಮಾತ್ರ ತಟ್ಟುತ್ತದೆ. ಅಷ್ಟು ತೆಳು ಪದರದಲ್ಲಿ ನೀರಿನ ಕಾಟ ಕಡಿಮೆ.

ಇನ್ನೊಂದು ಉಪಾಯ ಭಾರಜಲ ಬಳಸುವುದು. ಅದರಲ್ಲಿ ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯುಟೀರಿಯಂ ಇರುತ್ತದೆ. ಗುಂಡು ಭಾರವಾದರೆ ಸ್ಪ್ರಿಂಗ್ ನಿಧಾನವಾಗಿ ಆಡುತ್ತದೆ. ಹೀಗಾಗಿ ಭಾರಜಲದ ಶಿಖರಗಳು 2500 ಮತ್ತು 1200ರ ಆಸುಪಾಸಿಗೆ ಸರಿಯುತ್ತವೆ. ಬಾಲದ ಶಿಖರ ಇರುವ ಜಾಗ ತೆರವಾಗುತ್ತದೆ.

ರಾಮನ್ ವಿಧಾನದಲ್ಲಿ ಈ ತಲೆನೋವು ಕಡಿಮೆ, ಯಾಕೆಂದರೆ ನೀರಿನ ರಾಮನ್ ಚದುರಿಕೆ ದುರ್ಬಲ. ಆದರೆ ಬಣ್ಣ ಬದಲಿಸುವ ಬೆಳಕೇ ಅತ್ಯಲ್ಪವಾದ್ದರಿಂದ ಒಳ್ಳೆಯ ಲೇಸರ್ ಮತ್ತು ಸೂಕ್ಷ್ಮ ಡಿಟೆಕ್ಟರ್ ಬೇಕು.

ಮೈಸೆಲ್‌ನ ಒಳಗೆ ಏನಿದೆ?

ಮೈಸೆಲ್ ಗಡಿಯನ್ನು ಮಾತ್ರ ಕಂಡುಹಿಡಿಯಬೇಕಿದ್ದರೆ ಇಷ್ಟು ದುಬಾರಿ ಯಂತ್ರ ಬೇಕಿಲ್ಲ. ದ್ರಾವಣದ ವಿದ್ಯುತ್ ವಾಹಕತೆ ಅಥವಾ ಮೇಲ್ಮೈ ಎಳೆತವನ್ನು ಅಳೆದರೆ ಸಾಕು, ಅಲ್ಲೂ ಗೆರೆ ಬಾಗುತ್ತದೆ. ಕಂಪನ ವಿಧಾನದ ನಿಜವಾದ ಲಾಭ ಬೇರೆ. ಮೈಸೆಲ್ ಕಟ್ಟಿದೆ ಎಂಬುದರ ಜೊತೆಗೆ, ಅದರ ಒಳಗೆ ಬಾಲಗಳು ಹೇಗಿವೆ ಎಂದೂ ಅದು ಹೇಳುತ್ತದೆ.

ಇಂಗಾಲದ ಸರಪಳಿ ಪೂರ್ತಿ ನೆಟ್ಟಗೆ ನಿಂತಾಗ ಅದರ ಕಂಪನ ಒಂದು ತರಹ, ಅಲ್ಲಲ್ಲಿ ಮಡಚಿಕೊಂಡಾಗ ಇನ್ನೊಂದು ತರಹ. 1976ರಲ್ಲಿ ಕಲ್ಯಾಣಸುಂದರಂ ಮತ್ತು ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು ಸರ್ಫ್ಯಾಕ್ಟೆಂಟಿನ ಪುಡಿಯನ್ನೂ ಅದರ ಮೈಸೆಲ್ ದ್ರಾವಣವನ್ನೂ ಲೇಸರ್ ರಾಮನ್ ವಿಧಾನದಿಂದ ಹೋಲಿಸಿದರು. ಪುಡಿಯಲ್ಲಿ ಸಿಪಾಯಿಗಳಂತೆ ನೆಟ್ಟಗಿದ್ದ ಬಾಲಗಳು ಮೈಸೆಲ್‌ನಲ್ಲಿ ಬಾಗಿ ಬಳುಕಿ ದ್ರವದಲ್ಲಿದ್ದಂತೆ ಇರುತ್ತವೆ ಎಂದು ಇಂಥ ಅಧ್ಯಯನಗಳು ತೋರಿಸಿದವು. ಹಾರ್ಟ್ಲಿ ಹೇಳಿದ್ದ ದ್ರವದಂಥ ಒಳಭಾಗಕ್ಕೆ ಅಣುಗಳೇ ಸಾಕ್ಷಿ ನುಡಿದಂತಾಯಿತು.

2015ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ಹಳೆಯ ಪ್ರಶ್ನೆಯನ್ನು ಎತ್ತಿಕೊಂಡರು: ಮೈಸೆಲ್‌ನ ಒಳಗೆ ನೀರು ಹೋಗುತ್ತದೆಯೇ? ಅಣುವಿಗೆ ತಾಗಿಕೊಂಡಿರುವ ನೀರಿನ ಕಂಪನವನ್ನು ಉಳಿದ ನೀರಿನದ್ದರಿಂದ ಬೇರ್ಪಡಿಸುವ ಗಣಿತ ವಿಧಾನವನ್ನು ರಾಮನ್ ಅಳತೆಗೆ ಜೋಡಿಸಿದರು. ತಲೆಯ ಹತ್ತಿರದ ಒಂದೆರಡು ಇಂಗಾಲಗಳವರೆಗೆ ಮಾತ್ರವಲ್ಲ, ಅದಕ್ಕಿಂತ ಒಳಗಿನವರೆಗೂ ನೀರು ನುಗ್ಗಿರುವುದು ಕಂಡುಬಂತು. ಆದರೆ ಡ್ಯುಟೀರಿಯಂ ಹಾಕಿದ ಹೆಕ್ಸೇನ್ ಎಂಬ ಎಣ್ಣೆಜಾತಿಯ ಅಣುವನ್ನು ಒಳಗೆ ಬಿಟ್ಟು ಅದರ ಕಂಪನವನ್ನು ಅಳೆದಾಗ, ಅದು ನೀರಿಲ್ಲದ ಒಣ ಜಾಗದಲ್ಲಿ ಕೂತಿರುವುದು ಗೊತ್ತಾಯಿತು. ಅಂದರೆ ಮೈಸೆಲ್ ನುಣುಪಾದ ಗೋಲಿಯಲ್ಲ. ನಡುವೆ ಒಣ ತಿರುಳು, ಹೊರಗೆ ನೀರು ತುಂಬಿದ ತಗ್ಗುದಿಣ್ಣೆ. ಪಠ್ಯಪುಸ್ತಕದ ಗುಂಡನೆಯ ಚಿತ್ರ ಪೂರ್ತಿ ಸರಿಯಲ್ಲ ಎಂದಾಯಿತು.

ಈ ವಿಧಾನಕ್ಕೂ ಮಿತಿಗಳಿವೆ. ಕೆಲವು ಸರ್ಫ್ಯಾಕ್ಟೆಂಟ್‌ಗಳ ಮೈಸೆಲ್ ಗಡಿ ಎಸ್‌ಡಿಎಸ್‌ಗಿಂತ ಎಷ್ಟೋ ಪಟ್ಟು ಕಡಿಮೆ. ಅಷ್ಟು ತೆಳು ದ್ರಾವಣದಲ್ಲಿ ಶಿಖರ ಕಾಣುವುದೇ ಕಷ್ಟ. ನೀರಿನಲ್ಲಿ ಉಪ್ಪಿದ್ದರೆ ಗಡಿ ಬದಲಾಗುತ್ತದೆ: ಲೀಟರಿಗೆ ಸುಮಾರು 6 ಗ್ರಾಂ ಅಡುಗೆ ಉಪ್ಪು ಹಾಕಿದರೆ ಎಸ್‌ಡಿಎಸ್‌ನ ಗಡಿ ಐದನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ಆದ್ದರಿಂದ ಒಂದೇ ಅಳತೆ ನೋಡಿ ತೀರ್ಮಾನ ಕೊಡದೆ, ಎರಡು ಮೂರು ವಿಧಾನಗಳ ಫಲಿತಾಂಶ ಹೊಂದುತ್ತದೆಯೇ ಎಂದು ನೋಡುತ್ತಾರೆ.

ಇದರಿಂದ ನಮ್ಮ ಮನೆಗೆ ಏನು ತಿಳಿಯಿತು?

ನಂಬಿಕೆ 1: ಸೋಪು ಜಾಸ್ತಿ ಹಾಕಿದಷ್ಟೂ ಶುಚಿ ಜಾಸ್ತಿ.
ಪೂರ್ತಿ ನಿಜವಲ್ಲ. ಮೈಸೆಲ್ ಗಡಿ ದಾಟಿದ ಮೇಲೆ ನೀರಿನ ಮೇಲ್ಮೈ ಎಳೆತ ಹೆಚ್ಚೇನೂ ಇಳಿಯುವುದಿಲ್ಲ. ಮೈಸೆಲ್‌ಗಳ ಸಂಖ್ಯೆ ಹೆಚ್ಚುವುದರಿಂದ ತುಂಬಾ ಜಿಡ್ಡಿದ್ದಾಗ ಸ್ವಲ್ಪ ಉಪಯೋಗವಿದೆ. ಅದಕ್ಕಿಂತ ಹೆಚ್ಚು ಹಾಕಿದರೆ ಬಟ್ಟೆಯಲ್ಲಿ, ಪಾತ್ರೆಯಲ್ಲಿ ಸೋಪು ಉಳಿಯುತ್ತದೆ, ಜಾಲಿಸಲು ನೀರು ಹೆಚ್ಚು ಬೇಕಾಗುತ್ತದೆ. ಪ್ಯಾಕೆಟ್ ಮೇಲೆ ಬರೆದ ಅಳತೆ ಸಾಕು.

ನಂಬಿಕೆ 2: ನೊರೆ ಬರದಿದ್ದರೆ ಸೋಪು ಕೆಲಸ ಮಾಡುತ್ತಿಲ್ಲ.
ತಪ್ಪು. ಮುಂಭಾಗದಿಂದ ಬಟ್ಟೆ ಹಾಕುವ ವಾಷಿಂಗ್ ಮಷಿನ್‌ಗಳಿಗೆ ಬೇಕೆಂದೇ ಕಡಿಮೆ ನೊರೆಯ ಡಿಟರ್ಜೆಂಟ್ ಮಾಡುತ್ತಾರೆ. ಆದರೆ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ನೊರೆ ಕೊಡದಿರುವ ಕಥೆ ಬೇರೆ. ಅಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೋಪು ಸೇರಿ ಬಿಳಿ ಕೆನೆಯಂತೆ ಕಟ್ಟಿಕೊಂಡು ವ್ಯರ್ಥವಾಗುತ್ತದೆ.

ನಂಬಿಕೆ 3: ಶಾಂಪೂವಿನ ಎಸ್‌ಎಲ್‌ಎಸ್ ಕ್ಯಾನ್ಸರ್ ತರುತ್ತದೆ.
ಬಹಳ ವರ್ಷಗಳಿಂದ ಸುತ್ತುತ್ತಿರುವ ಸಂದೇಶ ಇದು. ಇದಕ್ಕೆ ಪುರಾವೆಯಿಲ್ಲ. ಎಸ್‌ಎಲ್‌ಎಸ್ ಚರ್ಮವನ್ನು ಕೆರಳಿಸಬಲ್ಲದು ಎಂಬುದು ಮಾತ್ರ ನಿಜ. ಚರ್ಮ ಒಣಗಿ ತುರಿಸುವವರು, ಎಕ್ಸಿಮಾ ಇರುವವರು ಮೃದುವಾದ ಉತ್ಪನ್ನ ಬಳಸುವುದು ಒಳ್ಳೆಯದು, ವೈದ್ಯರನ್ನು ಕೇಳಿ.

ನಂಬಿಕೆ 4: ಮೈಸೆಲರ್ ವಾಟರ್ ಯಾವುದೋ ಹೊಸ ಪವಾಡದ ನೀರು.
ಅದು ಮೃದುವಾದ ಸರ್ಫ್ಯಾಕ್ಟೆಂಟ್ ಅನ್ನು ಸ್ವಲ್ಪ ಬೆರೆಸಿದ ನೀರು. ಮೇಕಪ್ ತೆಗೆಯಲು ಒಳ್ಳೆಯದು. ಆದರೆ ಮೈಸೆಲ್ ಎಂಬುದು ನೀವು ಪಾತ್ರೆ ತೊಳೆಯುವ ನೀರಿನಲ್ಲೂ ಇದೆ.

ಹಾಗಾದರೆ ಹಾಲಿನ ಪರೀಕ್ಷೆ?

ಈಗ ದೊಡ್ಡಮ್ಮನ ಬಾಟಲಿಗೆ ವಾಪಸು ಬರೋಣ. ಹಾಲಿಗೆ ಡಿಟರ್ಜೆಂಟ್ ಬೆರೆಸುವುದು ಕಟ್ಟುಕಥೆಯಲ್ಲ. ಕೃತಕ ಹಾಲು ತಯಾರಿಸುವವರು ಅಗ್ಗದ ಎಣ್ಣೆಯನ್ನು ನೀರಿನಲ್ಲಿ ಬೆರೆಸಲು ಅದನ್ನು ಬಳಸುತ್ತಾರೆ. ಎಣ್ಣೆಯನ್ನೂ ನೀರನ್ನೂ ಒಂದುಗೂಡಿಸುವುದೇ ಸರ್ಫ್ಯಾಕ್ಟೆಂಟಿನ ಕೆಲಸ ಎಂದು ಮೇಲೆ ನೋಡಿದೆವಲ್ಲ. ಅದು ಅಪರಾಧ, ಆರೋಗ್ಯಕ್ಕೂ ಹಾನಿ.

ಫಾರ್ವರ್ಡ್‌ನಲ್ಲಿರುವ ಪರೀಕ್ಷೆಗೂ ಒಂದು ಮೂಲವಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಮನೆಯಲ್ಲೇ ಮಾಡಬಹುದಾದ ಪ್ರಾಥಮಿಕ ಪರೀಕ್ಷೆಗಳ ಪಟ್ಟಿಯಲ್ಲಿ ಇದನ್ನು ಕೊಟ್ಟಿದೆ. 5ರಿಂದ 10 ಮಿ.ಲೀ. ಹಾಲಿಗೆ ಅಷ್ಟೇ ನೀರು ಹಾಕಿ ಕುಲುಕಬೇಕು. ದಟ್ಟವಾದ ನೊರೆ ಬಂದರೆ ಡಿಟರ್ಜೆಂಟ್ ಇರುವ ಅನುಮಾನ. ಶುದ್ಧ ಹಾಲಿನಲ್ಲೂ ಕುಲುಕಿದ್ದರಿಂದ ತೆಳುವಾದ ನೊರೆ ಪದರ ಬರುತ್ತದೆ ಎಂದು ಅದೇ ಸೂಚನೆಯಲ್ಲಿದೆ. ನಮ್ಮ ಗ್ರೂಪಿಗೆ ಬಂದ ವಿಡಿಯೊದಲ್ಲಿ ಈ ಎರಡನೆಯ ವಾಕ್ಯವೇ ಇರಲಿಲ್ಲ.

ದಟ್ಟ ಎಷ್ಟು, ತೆಳು ಎಷ್ಟು ಎಂದು ಕಣ್ಣಳತೆಯಲ್ಲಿ ಹೇಳುವುದೂ ಸುಲಭವಲ್ಲ. ಹಾಲು ಬಿಸಿಯಿತ್ತೇ, ಎಷ್ಟು ಹೊತ್ತು ಕುಲುಕಿದಿರಿ, ಎಂಥ ನೀರು ಸೇರಿಸಿದಿರಿ ಎಂಬುದರ ಮೇಲೆ ನೊರೆ ಬದಲಾಗುತ್ತದೆ. ತೊಳೆದ ಬಾಟಲಿಯಲ್ಲಿ ಉಳಿದ ಪಾತ್ರೆ ಸೋಪೂ ನೊರೆ ಹೆಚ್ಚಿಸಬಹುದು. ಇನ್ನೊಂದು ಅಪಾಯವೂ ಇದೆ: ಕಡಿಮೆ ನೊರೆಯ ಡಿಟರ್ಜೆಂಟ್ ಬೆರೆಸಿದ್ದರೆ ಈ ಪರೀಕ್ಷೆ ಕೆಟ್ಟ ಹಾಲನ್ನೇ ಒಳ್ಳೆಯದೆಂದು ಹೇಳಿಬಿಡಬಹುದು. ಹೀಗೆ ಎರಡೂ ಕಡೆ ತಪ್ಪುವ ಸಾಧ್ಯತೆ ಇರುವುದರಿಂದ ಇದು ಅನುಮಾನಕ್ಕೆ ಕಾರಣವಾಗಬಹುದೇ ಹೊರತು ತೀರ್ಪಿಗೆ ಆಧಾರವಾಗದು.

ಲ್ಯಾಬಿನಲ್ಲಿ ಹೇಗೆ ಪತ್ತೆ ಮಾಡುತ್ತಾರೆ? ಒಂದು ಹಳೆಯ ವಿಧಾನದಲ್ಲಿ ಹಾಲಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನೂ ಕ್ಲೋರೋಫಾರ್ಮನ್ನೂ ಸೇರಿಸುತ್ತಾರೆ. ಎಸ್‌ಡಿಎಸ್‌ನಂಥ ಡಿಟರ್ಜೆಂಟ್ ಇದ್ದರೆ ಅದು ಬಣ್ಣದ ಜೊತೆ ಕೈಜೋಡಿಸಿ ಕೆಳಗಿನ ಕ್ಲೋರೋಫಾರ್ಮ್ ಪದರಕ್ಕೆ ಇಳಿಯುತ್ತದೆ, ಕೆಳಪದರ ಗಾಢ ನೀಲಿಯಾಗುತ್ತದೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಕ್ಲೋರೋಫಾರ್ಮ್ ಅಪಾಯಕಾರಿ. ಇನ್ನೊಂದು ದಾರಿ ನಾವು ಇಷ್ಟು ಹೊತ್ತು ನೋಡಿದ ಕಂಪನದ ಅಳತೆ. ಹಾಲಿನ ಕೊಬ್ಬು, ಪ್ರೋಟೀನ್ ಅಳೆಯಲು ಡೇರಿಗಳಲ್ಲಿ ಅವಕೆಂಪು ಯಂತ್ರಗಳು ಈಗಾಗಲೇ ಬಳಕೆಯಲ್ಲಿವೆ. ಎಟಿಆರ್ ಜೋಡಿಸಿದ ಎಫ್‌ಟಿಐಆರ್‌ನಿಂದ ಹಾಲಿನಲ್ಲಿರುವ ಡಿಟರ್ಜೆಂಟ್ ಪತ್ತೆ ಮಾಡುವ ಬಗ್ಗೆ ಭಾರತದ ಸಂಶೋಧಕರೂ ಕೆಲಸ ಮಾಡಿದ್ದಾರೆ. ಹಾಲು ಎಸ್‌ಡಿಎಸ್ ದ್ರಾವಣದಷ್ಟು ಸರಳವಲ್ಲ. ಅದರಲ್ಲಿ ಕೊಬ್ಬು, ಸಕ್ಕರೆ, ಕೇಸೀನ್ ಪ್ರೋಟೀನ್‌ನ ತನ್ನದೇ ಮೈಸೆಲ್‌ಗಳು ಎಲ್ಲ ಇವೆ. ಅದಕ್ಕೇ ಗೊತ್ತಿರುವ ಮಾದರಿಗಳ ಜೊತೆ ಹೋಲಿಸಿ ಲೆಕ್ಕ ಹಾಕಬೇಕಾಗುತ್ತದೆ.

ನೀವು ಏನು ಮಾಡಬಹುದು?

• ನೊರೆ ಪರೀಕ್ಷೆ ಮಾಡುವುದಾದರೆ ನಂಬಿಕೆಯಿರುವ ಇನ್ನೊಂದು ಹಾಲನ್ನು ಪಕ್ಕದಲ್ಲಿಟ್ಟು, ಒಂದೇ ಬಗೆಯ ಸ್ವಚ್ಛ ಗಾಜಿನ ಬಾಟಲಿ, ಒಂದೇ ನೀರು, ಒಂದೇ ಸಮಯದ ಕುಲುಕಾಟದಲ್ಲಿ ಹೋಲಿಸಿ.
• ಅನುಮಾನ ಉಳಿದರೆ ಆಹಾರ ಸುರಕ್ಷತಾ ಅಧಿಕಾರಿಗೆ ಅಥವಾ ಫುಡ್ ಸೇಫ್ಟಿ ಕನೆಕ್ಟ್ ಮೂಲಕ ದೂರು ಕೊಡಿ.
• 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನ ಪ್ರಕಾರ, ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ನಿಮಗಿದೆ. ಹೀಗೆ ಮಾಡಿಸುವ ವಿಷಯವನ್ನು ಕೊಳ್ಳುವಾಗಲೇ ಮಾರಿದವರಿಗೆ ತಿಳಿಸಬೇಕು.
• ವರದಿ ಬರುವ ಮೊದಲು ಯಾರ ಹೆಸರನ್ನೂ, ಅಂಗಡಿಯನ್ನೂ ಗ್ರೂಪಿನಲ್ಲಿ ಹಾಕಬೇಡಿ.

ನಮ್ಮ ಮನೆಯ ಆ ಹಾಲನ್ನು ಯಾರೂ ಲ್ಯಾಬಿಗೆ ಕಳಿಸಲಿಲ್ಲ. ಪಕ್ಕದಲ್ಲಿ ಇನ್ನೊಂದು ಬಾಟಲಿ ಇಟ್ಟು ಹೋಲಿಸಲೂ ಇಲ್ಲ. ಇದನ್ನೆಲ್ಲ ವಿವರಿಸಿದ ಮೇಲೆ ದೊಡ್ಡಮ್ಮ ಈಗ ತರಿಸುತ್ತಿರುವ ಪ್ಯಾಕೆಟ್ ಹಾಲನ್ನೂ ಹಾಗೇ ಕುಲುಕಿ ನೋಡಿದರು. ಅದರಲ್ಲೂ ನೊರೆ ಬಂತು. ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡುತ್ತಾ ನಿಂತು, "ಆ ಹಾಲಿನವರ ನಂಬರ್ ನಿನ್ನ ಹತ್ರ ಇದೆಯೇನೆ?" ಎಂದು ಕೇಳಿದರು.

ಮುಂದಿನ ಸಲ ಈ ವಿಡಿಯೊ ನಿಮ್ಮ ಗ್ರೂಪಿಗೆ ಬಂದಾಗ, ಅದರ ಕೆಳಗೆ ಬಿಟ್ಟುಹೋದ ಆ ಒಂದು ವಾಕ್ಯವನ್ನು ಸೇರಿಸಿಬಿಡಿ: ಶುದ್ಧ ಹಾಲಿನಲ್ಲೂ ತೆಳು ನೊರೆ ಬರುತ್ತದೆ.